ನೀಲಿಗೆ ಅದ್ದಿದ ಟವಲ್ಲು

ನಾನು ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ಕಂಡವರ ಸ್ಟುಡಿಯೋದಲ್ಲಿ ದುಡಿದು ಕ್ಯಾಮರಾ ಕಲಿತೆ. ಈಗ ನಂಜನಗೂಡಿನಲ್ಲಿ ನನ್ನದೇ ಸ್ಟುಡಿಯೋ ಇದೆ. ನನ್ನ ಕ್ಯಾಮರಾದಲ್ಲಿ ಬಣ್ಣದ ಸೆಟ್ಟಿಂಗು ಆಟೋದಲ್ಲಿದ್ದದ್ದನ್ನು ಯಾರೂ ಕಂಡಿಲ್ಲ. ಹೆಗಲ ಮೇಲಿನ ಟವಲ್ಲನ್ನು ಬಿಡಿಸಿ ಹಿಡಿದು, ‘ಬಿಳಿ ಅಂದರೆ ಇದು’ ಎಂದು ಕ್ಯಾಮರಾಕ್ಕೆ ನಾನೇ ತೋರಿಸುತ್ತೇನೆ. ಮಿಕ್ಕ ಬಣ್ಣಗಳೆಲ್ಲ ಅದರ ಹಿಂದೆ ತೆಪ್ಪಗೆ ಬರುತ್ತವೆ.

ಹೋದ ವರ್ಷ ತಿ. ನರಸೀಪುರದಲ್ಲಿ ಒಂದು ಮದುವೆ ಒಪ್ಪಿಕೊಂಡೆ. ಮಾತಾಡಲು ಹೋದಾಗ ಮದುವೆ ಹುಡುಗಿಯೇ ನಿಶ್ಚಿತಾರ್ಥದ ಆಲ್ಬಂ ತಂದು ಮುಂದಿಟ್ಟಳು. ಬೇರೆ ಯಾರೋ ಆಟೋ ಸೆಟ್ಟಿಂಗಿನಲ್ಲಿ ತೆಗೆದದ್ದು. ಎಣ್ಣೆಗಪ್ಪಿನ ಲಕ್ಷಣವಾದ ಹುಡುಗಿ ಅದರಲ್ಲಿ ಒಂದು ಪುಟಕ್ಕೆ ಗುಲಾಬಿ, ಇನ್ನೊಂದಕ್ಕೆ ಬೂದಿ.

“ಗಂಡಿನ ಕಡೆಯೋರು ನೋಡಿ, ‘ಇವ್ರಲ್ಲಿ ನಮ್ಮನೆಗೆ ಬರೋಳು ಯಾರು?’ ಅಂತ ನಗಾಡ್ಬುಟ್ರು ಕಣಣ್ಣ. ನನ್ನ ಬೆಳ್ಳಗೆ ಮಾಡ್ಬೇಡಿ. ನಾನಿರೋ ಬಣ್ಣಾನೇ ಬರ್ಬೇಕು. ಎಲ್ಲಾ ಫೋಟೋದಲ್ಲೂ ಒಂದೇ.”

“ಬರ್ನಿಲ್ಲ ಅಂದ್ರೆ ಕ್ಯಾಮರಾನ ಕಪಿಲಾ ಹೊಳೆಗೆ ಎಸಿತೀನಿ ಕಣವ್ವ,” ಎಂದುಬಿಟ್ಟೆ.

ಚಪ್ಪರದ ದಿನ ಮಧ್ಯಾಹ್ನ, ಬಳೆ ಶಾಸ್ತ್ರಕ್ಕೆ ಮುಂಚೆ, ಟವಲ್ಲು ಹಿಡಿದು ಬಿಳಿ ಹೊಂದಿಸಿ ಹುಡುಗಿಯದು ನಾಲ್ಕು ಫೋಟೋ ತೆಗೆದು ತೋರಿಸಿದೆ. ಅವಳ ಮುಖ ಸಣ್ಣದಾಯಿತು.

“ಅಣ್ಣ, ಅರಿಶಿನ ಹಚ್ಚೋದು ಸಂಜೆಗಲ್ವಾ?”

ಪಕ್ಕದಲ್ಲಿ ಎಲೆ ಅಡಿಕೆ ಜೋಡಿಸುತ್ತಿದ್ದ ಅವಳ ಅಜ್ಜಿ ಇಣುಕಿ, “ಅಯ್ಯೋ, ಕಾಮಾಲೆ ಬಂದಂಗೈತಲ್ಲಪ್ಪಾ!” ಎಂದರು.

ಮತ್ತೆ ಟವಲ್ಲು ಹಿಡಿದೆ. ಮತ್ತೆ ಹಳದಿಯೇ. ಹುಡುಗಿಯ ಸೋದರಮಾವನಿಗೆ ಇಷ್ಟು ಸಾಕಾಯಿತು. “ಆಟೋಗೆ ಆಕಿ ಸಾ. ಕಂಪ್ನಿಯೋರೇನು ದಡ್ರಾ?”

ಹಲ್ಲು ಕಚ್ಚಿಕೊಂಡು ಆಟೋಗೆ ಹಾಕಿದೆ. ಹಿಂದೆ ಚಪ್ಪರದ ಹಸಿರು ಗರಿ ತುಂಬಿದರೆ ಅವಳ ಮುಖ ಗುಲಾಬಿ. ಹಳದಿ ಸೀರೆಯ ಹೆಂಗಸರು ಸುತ್ತ ನಿಂತರೆ ನೀಲಿ. ಅದೇ ನಿಶ್ಚಿತಾರ್ಥದ ಆಲ್ಬಂ! ಕಂಪನಿಯವರು ದಡ್ಡರಲ್ಲ, ನಿಜ. ಆದರೆ ಗರಿ ಯಾವುದು, ಹುಡುಗಿ ಯಾವುದು ಎಂದು ಆಟೋಗೆ ಏನು ಗೊತ್ತು? ಯಾವ ಬಣ್ಣ ಹೆಚ್ಚು ಕಂಡಿತೋ ಅದನ್ನು ತಗ್ಗಿಸಲು ಹೋಗುತ್ತದೆ, ನಡುವೆ ಮುಖ ಕೆಡುತ್ತದೆ.

ಅಷ್ಟರಲ್ಲಿ ಬಳೆಗಾರ ಬಂದು ಬಳೆಯ ಮಲಾರ ಬಿಚ್ಚಿ ಕೂತಿದ್ದ. ನಾನು ಆಚೆ ಹೋಗಿ ಮನೆಗೆ ಫೋನು ಮಾಡಿದೆ.

“ಈ ಟವಲ್ಗೆ ಏನ್ ಮಾಡಿದ್ದೆ?”

“ಏನಿಲ್ಲ ಕಣ್ರೀ,” ಎಂದಳು ಹೆಂಡತಿ. “ಮದ್ವೆ ಮನೇಲಿ ಫಳಫಳ ಅನ್ಲಿ ಅಂತ ಎರಡು ಸಲ ನೀಲಿಗೆ ಅದ್ದಿದೆ. ಯಾಕೆ, ಎಲ್ರೂ ಒಗಳಿದ್ರಾ?”

ಕಣ್ಣಿಗೆ ಅದು ಹಾಲಿನಂಥ ಬಿಳಿ, ಕ್ಯಾಮರಾಕ್ಕೆ ತಿಳಿನೀಲಿ. ನೀಲಿಯನ್ನು ಬಿಳಿ ಎಂದು ನಂಬಿಸಿದವನು ನಾನು. ಪಾಪ, ಕ್ಯಾಮರಾ ನೀಲಿ ಕಳೆಯಲೆಂದು ಎಲ್ಲಕ್ಕೂ ಹಳದಿ ಬೆರೆಸುತ್ತಿತ್ತು.

ಚಪ್ಪರದಲ್ಲಿದ್ದ ಪಂಚೆ, ಷರಟುಗಳೆಲ್ಲ ಹೀಗೇ ನೀಲಿಗೆ ಅದ್ದಿದವೇ. ಕಣ್ಣು ಹುಡುಕುತ್ತ ಹೋಗಿ ಅಜ್ಜಿಯ ಹಣೆಯ ಮೇಲೆ ನಿಂತಿತು. ಮೂರು ಬೆರಳಿನ ವಿಭೂತಿ.

“ಅಜ್ಜಿ, ಒಂದು ವಿಭೂತಿ ಗಟ್ಟಿ ಕೊಡಿ.”

“ಈಗ ನಂಜುಂಡಪ್ಪ ನೆಪ್ಪಾದ್ನಾ?” ಎನ್ನುತ್ತಲೇ ತಂದುಕೊಟ್ಟರು.

ಗಟ್ಟಿಯನ್ನು ಪುಡಿ ಮಾಡಿ ತಟ್ಟೆ ತುಂಬ ಹರಡಿ, ಸೋದರಮಾವನ ಕೈಲಿ ಹುಡುಗಿಯ ಮುಖದ ಪಕ್ಕದಲ್ಲಿ ಹಿಡಿಸಿದೆ. ಬೂದಿಗೆ ಯಾವ ಬಣ್ಣದ ಹಂಗೂ ಇಲ್ಲ. ‘ಇದು ಕಣಪ್ಪ ಬಿಳಿ’ ಎಂದು ಕ್ಯಾಮರಾಕ್ಕೆ ಹೊಸದಾಗಿ ಪಾಠ ಹೇಳಿದೆ. ಅಜ್ಜಿ, “ಚೆಲ್ಬೇಡ, ಚೆಲ್ಬೇಡ” ಎನ್ನುತ್ತ ತಟ್ಟೆ ಇಸಿದುಕೊಂಡು, ಒಂದು ಚಿಟಿಕೆ ನನ್ನ ಹಣೆಗೂ ಬಳಿದರು.

ಗರಿಯ ಮುಂದೆ ಒಂದು ತೆಗೆದೆ, ಹಳದಿ ಸೀರೆಗಳ ನಡುವೆ ಒಂದು. ಹುಡುಗಿ ಪರದೆಯ ಪಕ್ಕ ತನ್ನ ಮುಂಗೈ ಇಟ್ಟಳು. ಫೋಟೋ ನೋಡಿದಳು, ಕೈ ನೋಡಿದಳು, ಇನ್ನೊಂದು ಫೋಟೋ ನೋಡಿದಳು.

“ಎರಡೂ ನಾನೇ ಕಣಣ್ಣ,” ಎಂದು, ಅದೇ ಕೈಯನ್ನು ಬಳೆಗಾರನ ಮುಂದೆ ಚಾಚಿದಳು.