ಅಣ್ಣ ರುಚಿ ನೋಡದ ಗಿಮ್ಲೆಟ್

ಇವತ್ತು ಬೆಳಿಗ್ಗೆ ಅವಲಪಲ್ಲಿಯಲ್ಲಿ ಅತ್ತಿಗೆ ಉಪ್ಪಿನಕಾಯಿಗೆ ನಿಂಬೆ ಹೆಚ್ಚುತ್ತಿದ್ದರು. ಸಿಪ್ಪೆಯ ಘಾಟು ಮೂಗಿಗೆ ಬಡಿದದ್ದೇ ತಡ, ಎದ್ದು ಜಗಲಿಗೆ ಬಂದುಬಿಟ್ಟೆ. ನಾಲ್ಕನೇ ಕ್ಲಾಸಿಗೇ ಓದು ಬಿಟ್ಟವನು ನಾನು. ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ.

ಅದು ಎರಡನೇ ಮಹಾಯುದ್ಧದ ಕಾಲ. ಅಣ್ಣ ಹೊಸೂರಿನ ಒಬ್ಬ ಬಿಳಿಯ ದೊರೆಯ ಬಂಗಲೆಯಲ್ಲಿ ಬಟ್ಲರ್. ದೊರೆಗೆ ಸಂಜೆಯಾದರೆ ಗಿಮ್ಲೆಟ್ ಬೇಕು: ಜಿನ್ ಎಂಬ ಸಾರಾಯಿ, ಅದಕ್ಕೆ ಸಕ್ಕರೆ ಪಾಕದ ನಿಂಬೆರಸ. ಆ ರಸ ದೊರೆಗಳ ಸೀಮೆಯಿಂದ ಬಾಟ್ಲಿಯಲ್ಲಿ ಬರುತ್ತಿತ್ತಂತೆ. ಯುದ್ಧದಿಂದ ಹಡಗು ನಿಂತ ಮೇಲೆ ಅಣ್ಣ ನಮ್ಮ ಮನೆಯಲ್ಲೇ ಕಾಯಿಸತೊಡಗಿದ. ಅವ್ವ ಅಡುಗೆಮನೆಗೆ ಬಿಡಲಿಲ್ಲ. ಕೊಟ್ಟಿಗೆಯ ಪಕ್ಕ ಮೂರು ಕಲ್ಲಿಟ್ಟು ಒಲೆ ಹೂಡಿದ. ಪಾಕ ಕುದಿಯುವಾಗ ಗಿಮ್ಲೆಟ್ ಹುಟ್ಟಿದ ಕಥೆ ಹೇಳುತ್ತಿದ್ದ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದವರಿಗೆ ವಸಡಿನಲ್ಲಿ ರಕ್ತ ಬರುತ್ತಿತ್ತಂತೆ, ನಿಂಬೆರಸವೇ ಮದ್ದಂತೆ, ಆ ಹುಳಿ ಗಂಟಲಿಳಿಯಲೆಂದು ಹಡಗಿನ ಅಧಿಕಾರಿಗಳು ಜಿನ್ ಬೆರೆಸಿಕೊಂಡರಂತೆ.

"ನಿಮ್ಮಪ್ಪನೂ ಹೆಂಡಕ್ಕೆ ಮದ್ದು ಅಂತ್ಲೇ ಹೆಸರಿಕ್ಕಿದ್ದ ಕಣ್ಲಾ" ಅಂದಳು ಅವ್ವ.

ಅಪ್ಪ ಕುಡಿದೇ ಸತ್ತವನು. ಅದಕ್ಕೇ ಅಣ್ಣ ಅವ್ವನ ತಲೆ ಮುಟ್ಟಿ ಆಣೆ ಮಾಡಿದ್ದ: ಬೆರೆಸುತ್ತೇನೆ, ನಾಲಗೆಗೆ ಸೋಕಿಸುವುದಿಲ್ಲ. ಕೈಯ ಹಿಂಬದಿಗೆ ಒಂದು ತೊಟ್ಟು ಹಾಕಿ, ಉಜ್ಜಿ, ಮೂಸಿಯೇ ಹದ ಹೇಳುತ್ತಿದ್ದ. ಒಂದು ದಿನವೂ ತಪ್ಪಿರಲಿಲ್ಲ.

ದೊರೆಗೆ ವರ್ಗವಾಯಿತು. ಹೊರಡುವ ಮುಂಚಿನ ಔತಣ ಚೆನ್ನಾಗಿ ನಡೆದರೆ ಬೆಂಗಳೂರಿನ ಕ್ಲಬ್ಬಿಗೆ ಶಿಫಾರಸಿನ ಚೀಟಿ ಕೊಡುತ್ತೇನೆಂದಿದ್ದರು. ಬಟ್ಲರನಿಗೆ ಅಂಥ ಚೀಟಿಯೇ ಬದುಕು. ಅಣ್ಣ ದೊರೆಯ ಎರಡು ಬಾಟ್ಲಿ ಜಿನ್ ಮನೆಗೆ ತಂದು, ಪಾಕ ಬೆರೆಸಿ, ಸಿಪ್ಪೆ ಹಾಕಿ, ಎರಡು ದಿನ ನೆನೆಯಲೆಂದು ಕೊಟ್ಟಿಗೆಯಲ್ಲಿ ಜಾಡಿಯಲ್ಲಿಟ್ಟ.

ನನಗಾಗ ಇಪ್ಪತ್ತು, ಹುಡುಗಾಟ ಎನ್ನುವಂತಿಲ್ಲ. ಮೊದಲ ದಿನ ಒಂದು ಲೋಟ ಕುಡಿದೆ. ಮರುದಿನ ಎಷ್ಟೆಂದು ನೆನಪಿಲ್ಲ. ನನಗೆ ಬರುತ್ತಿದ್ದ ಎರಡೇ ಇಂಗ್ಲಿಷ್ ಮಾತನ್ನು ಹಸುವಿನ ಹತ್ತಿರ ಆಡಿದ್ದು ನೆನಪಿದೆ. ಕಡಿಮೆಯಾದಷ್ಟಕ್ಕೆ ಬಾವಿನೀರು ತುಂಬಿದೆ. ಅಣ್ಣ ಬಂದು ಮೂಸಿದ. ಸಿಪ್ಪೆಯ ಘಮ ಎಲ್ಲವನ್ನೂ ಮುಚ್ಚಿತ್ತು. ಹದ ಬಂದಿದೆ ಎಂದು ನಗುತ್ತಲೇ ಹೊತ್ತುಕೊಂಡು ಹೋದ.

ಔತಣದಲ್ಲಿ ದೊರೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರಂತೆ. ಕದ್ದು ನೀರು ಬೆರೆಸಿದ್ದಾನೆಂದು ಎಲ್ಲರೆದುರೇ ಹೊರಗೆ ಕಳಿಸಿದರಂತೆ. ಮನೆಗೆ ಬಂದ ಅಣ್ಣ ಕೇಳಿದ್ದು ಒಂದೇ ಮಾತು.

"ನೀನೇನಾರ ಮುಟ್ಟಿದ್ಯೇನ್ಲಾ?"

"ಇಲ್ಲಣ್ಣ."

"ನೀನಿಲ್ಲ ಅಂದ್ರೆ ಆಯ್ತು ಬುಡು."

ಮತ್ತೆಂದೂ ಕೇಳಲಿಲ್ಲ. ಚೀಟಿಯಿಲ್ಲದವನನ್ನು ಯಾವ ಬಂಗಲೆಯೂ ಸೇರಿಸಲಿಲ್ಲ. ರಾಯಕೋಟೆಯ ಹೋಟೆಲೊಂದರಲ್ಲಿ ಹಿಟ್ಟು ರುಬ್ಬುತ್ತಲೇ ಮುದುಕನಾದ. ದೊರೆಯ ಬಾಟ್ಲಿ ಕದ್ದವನೆಂದು ಊರವರು ಅವನನ್ನು ಆಡಿಕೊಂಡು ನಕ್ಕಾಗ, ಒಮ್ಮೆ ನಾನೂ ನಕ್ಕಿದ್ದೇನೆ.

ಅವನು ಹೋಗಿ ವರ್ಷವಾಯಿತು. ಇವತ್ತು ಜಗಲಿಗೆ ಬಂದು ಏನಾಯಿತೆಂದು ಕೇಳಿದ ಅತ್ತಿಗೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕೈಗೆ ಮೆತ್ತಿದ್ದ ನಿಂಬೆರಸವನ್ನು ಸೆರಗಿಗೆ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

"ನನ್ ಮಗ ಅವ್ರಪ್ಪನ್ನ ಕಳ್ಳ ಅಂತ್ಲೇ ತಿಳ್ಕಂಡವ್ನೆ. ಒಳಗವ್ನೆ, ಹೋಗಿ ನೀನೇ ಹೇಳು."

ಒಳಗೆ ಹೋದೆ. ಅಣ್ಣನ ಮಗ ತಿಂಡಿಗೆ ಕುಳಿತಿದ್ದ. ನನ್ನನ್ನು ಕಂಡು ಸರಿದು, ಬಾ ಚಿಕ್ಕಪ್ಪ ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟ. ನಾನು ಕೂರಲಿಲ್ಲ. ನಿಂತೇ ಹೇಳತೊಡಗಿದೆ.