ಎಡಗಡೆಯ ಟ್ಯಾಂಕು

ಹುಮನಾಬಾದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಅಂಗಡಿ. ಒಂದೇ ಶಟರು, ಎರಡು ಕಸುಬು. ಪಕ್ಕದ ಗೋಡೆಗೆ ಮುಖ ಮಾಡಿ ನಮ್ಮಣ್ಣ ಪ್ರೇಮಕುಮಾರನ ಮೇಜು. ಅವನ ಬಲಕ್ಕೆ, ಒಳಗಡೆ, ನನ್ನ ಹೊಲಿಗೆ ಮಷಿನ್ನು. ಎಡಕ್ಕೆ ಶಟರು, ಶಟರಿನ ಹತ್ತಿರ ಬಂದವರು ಕೂಡಲಿಕ್ಕೆ ಒಂದು ಸ್ಟೂಲು. ಅಣ್ಣ ಹೋಗಿ ವರ್ಷವಾಗುತ್ತ ಬಂತು. ಈಗಲೂ ಯಾರಾದರೂ ಹಳೇ ವಿಡಿಯೋ ಗೇಮನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು, ಪ್ರೇಮಣ್ಣ ಇಲ್ಲೇನ್ರಿ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಯಾವಾಗ ಬರ್ತಾರ ಎಂದು ಮತ್ತೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎದುರಿಗೆ ಹಾರ ಹಾಕಿದ ಫೋಟೋ ಇದೆ, ನೋಡಬಾರದೇ? ಕಣ್ಣಿದ್ದವರೇ ಹೀಗಾದರೆ ಏನು ಹೇಳುವುದು.

ಅಣ್ಣ ಮಾಡುತ್ತಿದ್ದ ಕೆಲಸವನ್ನು ಈ ಸೀಮೆಯಲ್ಲಿ ಮತ್ತೊಬ್ಬರು ಮಾಡುತ್ತಿರಲಿಲ್ಲ. ಹಳೇ ಆಟಗಳೆಲ್ಲ ಡಬ್ಬಾ ಟಿವಿಗೆಂದು ಮಾಡಿದವು. ಅವನ್ನು ತಂದು ಈಗಿನ ಗೋಡೆಯಗಲದ ಟಿವಿಗೆ ಹಚ್ಚಿದರೆ ಚಿತ್ರ ಕಲಸಿದ ಹಿಟ್ಟಿನಂತೆ ಕಾಣುತ್ತದೆ. ದುಂಡಗಿನ ಚೆಂಡು ಅಡ್ಡಕ್ಕೆ ಹಿಗ್ಗುತ್ತದೆ. ಗುಂಡಿ ಒತ್ತಿ ತುಸು ಹೊತ್ತಾದ ಮೇಲೆ ಒಳಗಿನ ಮನುಷ್ಯ ಜಿಗಿಯುತ್ತಾನೆ, ಅಷ್ಟರಲ್ಲಿ ಸತ್ತಿರುತ್ತಾನೆ. ಅಣ್ಣ ಮೊದಲು ರಿಮೋಟು ಹಿಡಿದು ಟಿವಿಯ ಜಾಣತನವನ್ನೆಲ್ಲ ಬಂದ್ ಮಾಡುತ್ತಿದ್ದ. ಚಿತ್ರ ಹಿಗ್ಗಿಸುವುದು ಬಂದ್, ಅಂಚು ಕತ್ತರಿಸುವುದು ಬಂದ್, ನುಣುಪು ಮಾಡುವುದು ಬಂದ್. ಆಮೇಲೆ ಹೈದರಾಬಾದಿನಿಂದ ತರಿಸಿದ ಒಂದು ಬಾಕ್ಸನ್ನು ನಡುವೆ ಹಾಕುತ್ತಿದ್ದ. ಅದು ಚಿತ್ರದ ಒಂದೊಂದು ಚುಕ್ಕೆಯನ್ನೂ ಸಮನಾಗಿ ದೊಡ್ಡದು ಮಾಡಿ ಟಿವಿಗೆ ಕೊಡುತ್ತದೆ. ಅದರ ಗುಂಡಿ ಒತ್ತಿ ಚಿತ್ರವನ್ನು ಎಡಕ್ಕೆ ಬಲಕ್ಕೆ ಸರಿಸಬಹುದು, ಹಿಗ್ಗಿಸಬಹುದು, ಕುಗ್ಗಿಸಬಹುದು. ಎಲ್ಲ ಮುಗಿಸಿ ಟ್ಯಾಂಕಿನ ಆಟ ಹಾಕಿ, ಅದರೊಳಗಿನ ಗೋಡೆಯ ಇಟ್ಟಿಗೆಯ ಗೆರೆ ಒಂದೊಂದೂ ಎಣಿಸುವ ಹಾಗೆ ಕಂಡಿತೆಂದರೆ, 'ಈಗ ಖರೆ ಪಿಕ್ಚರ್ ಬಂತು ನೋಡ್' ಅನ್ನುತ್ತಿದ್ದ. ಅಷ್ಟು ಅನ್ನದೆ ಯಾವ ಗಿರಾಕಿಯನ್ನೂ ಕಳಿಸಿದವನಲ್ಲ.

ನಾವು ಬೇಮಳಖೇಡದವರು, ಕುರಿ ಕಾಯುವ ಮಂದಿ. ಅಪ್ಪ ಭೀಮಶಾ ಇಂದಿಗೂ ಕುರಿ ಬಿಟ್ಟಿಲ್ಲ. ಅಣ್ಣನಿಗೆ ಕುರಿ ಎಂದರೆ ಚೂರೂ ಆಗುತ್ತಿರಲಿಲ್ಲ. ಊರಲ್ಲಿ ಒಂದೇ ಮನೆಯಲ್ಲಿ ಟಿವಿ, ಆ ಮನೆಗೆ ಯಾರೋ ಒಂದು ಟ್ಯಾಂಕಿನ ಆಟ ತಂದುಕೊಟ್ಟಿದ್ದರು. ಅಣ್ಣ ಹಿಂಡನ್ನು ಹಾದಿಯಲ್ಲೇ ಬಿಟ್ಟು ಆ ಮನೆಯ ಕಿಟಕಿಗೆ ಜೋತುಬಿದ್ದ. ಕುರಿ ಕಡಲೆ ಹೊಲ ಹೊಕ್ಕವು. ಅಪ್ಪ ಅವತ್ತು ಅವನನ್ನು ಬಡಿದ ಬಡಿತ ಊರಿಗೇ ಗೊತ್ತು. ಅವ್ವ ಸುಮನಬಾಯಿ ಅಡ್ಡ ಹೋಗಿ ತಾನೂ ಒಂದೆರಡು ತಿಂದಳು. ಮುಂದೆ ಅಣ್ಣ ಹುಮನಾಬಾದಿಗೆ ಬಂದು ಕೆಲಸ ಕಲಿತು ಅಂಗಡಿ ಇಟ್ಟರೂ, ಅವ್ವ ತೀರಿಕೊಂಡರೂ, ಅಪ್ಪ ಮಾತ್ರ ಅವನ ಟಿವಿಯ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ. ಆದರೆ ಸಂತೆಯ ದಿನ ತಪ್ಪದೆ ಬರುತ್ತಿದ್ದ. ಶಟರಿನ ಹತ್ತಿರದ ಸ್ಟೂಲಿನ ಮೇಲೆ ಕಂಬಳಿ ಮಡಚಿಟ್ಟು ಕೂಡುತ್ತಿದ್ದ.

ನಮ್ಮಲ್ಲಿ ಹಿರಿಯರು ಬಂದರೆ ಕಿರಿಯರೇ ಮೊದಲು ಮಾತಾಡಿಸಬೇಕು. ಬಂದ್ಯಾ ಅಪ್ಪಾ, ಕುಂದರು ಅನ್ನಬೇಕು. ಅಲ್ಲಿಯವರೆಗೆ ಹಿರಿಯರು ಬಾಯಿ ಬಿಡುವುದಿಲ್ಲ. ಅಣ್ಣ ಎಷ್ಟೇ ಮುನಿಸಿದ್ದರೂ ಇದೊಂದನ್ನು ಬಿಟ್ಟವನಲ್ಲ. ತೀರಿಕೊಳ್ಳುವ ಹಿಂದಿನ ಮಳೆಗಾಲದಲ್ಲಿ ಬಿಟ್ಟ. ಅಪ್ಪ ಬಂದು ಕೂತರೆ ಇವನು ಟಿವಿ ನೋಡುತ್ತ ತನ್ನಷ್ಟಕ್ಕೆ ತಾನು. ಅಪ್ಪ ಸ್ವಲ್ಪ ಹೊತ್ತು ಕಾದು, ತಂದ ಹಾಲನ್ನು ಅಣ್ಣನ ಬೆನ್ನ ಹಿಂದೆಯೇ ನನ್ನ ಕೈಗೆ ಕೊಟ್ಟು, ಮುಖ ಗಂಟು ಹಾಕಿಕೊಂಡು ಎದ್ದು ಹೋಗುತ್ತಿದ್ದ. ಒಂದು ಸಲ ನಾನು ತಡೆಯಲಾರದೆ, ಅಪ್ಪನ್ನ ಯಾಕ ಮಾತಾಡಿಸಲಿಲ್ಲ ಎಂದು ಜಗಳ ತೆಗೆದೆ. ಅಪ್ಪ ಬಂದಿದ್ನಾ ಎಂದು ಕೇಳಿದ. ಚೇಷ್ಟೆ ಮಾಡುತ್ತಿದ್ದಾನೆ ಎಂದು ನನಗೆ ಇನ್ನಷ್ಟು ರೇಗಿತು.

ಊಟದಲ್ಲೂ ಅದೇ ಕಥೆ. ತಾಟಿನ ಬಲಕ್ಕೆ ರೊಟ್ಟಿ, ಪಲ್ಯ. ಎಡಕ್ಕೆ ಶೇಂಗಾದ ಹಿಂಡಿ, ಉಳ್ಳಾಗಡ್ಡಿ. ನಾನು ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಹಿಂಡಿ ಇಲ್ಲದೆ ತುತ್ತು ಇಳಿಯದವನು ಅದನ್ನು ಮುಟ್ಟುವುದನ್ನೇ ಬಿಟ್ಟ. ತಾಟಿನ ಅರ್ಧ ಖಾಲಿ, ಅರ್ಧ ಹಾಗೇ. ಗಿರಾಕಿಗಳೆಲ್ಲ ಹೊಗಳಿ ಹೊಗಳಿ ಇವನಿಗೆ ಸೊಕ್ಕು ಬಂದಿದೆ ಎಂದು ನಾನೂ ಅಪ್ಪನೂ ತೀರ್ಮಾನಿಸಿಬಿಟ್ಟೆವು. ಗಾಡಿಯ ಎಡಗಡೆಯ ಕನ್ನಡಿ ಒಡೆದುಕೊಂಡು ಬಂದಾಗಲೂ, ಎಡ ಭುಜ ಶಟರಿಗೆ ಬಡಿದು ಬಡಿದು ಕಂದಿದಾಗಲೂ, ನೆಲ ನೋಡಿ ನಡೆಯದ ಸೊಕ್ಕು ಎಂದೇ ಅಂದೆವು.

ಅವನು ಮಾತ್ರ ಹೊಸ ಟಿವಿಗಳನ್ನು ಬೈಯುತ್ತಿದ್ದ. ಎಡಗಡೆಯ ಅಂಚನ್ನು ಟಿವಿ ನುಂಗಾಕತ್ತದ ಅನ್ನುತ್ತಿದ್ದ. ಅದು ಸುಳ್ಳೂ ಅಲ್ಲ, ಹೊಸ ಟಿವಿಗಳು ಹಳೇ ಆಟದ ನಾಲ್ಕೂ ಅಂಚನ್ನು ತುಸು ಕತ್ತರಿಸುತ್ತವೆ. ರಿಮೋಟಿನಲ್ಲಿ ಸರಿಪಡಿಸಿದರೆ ಸರಿಹೋಗುತ್ತದೆ. ಅವನು ಸರಿಪಡಿಸುತ್ತಿದ್ದ, ಆದರೂ ಎಡಗಡೆ ಇಲ್ಲ ಎನ್ನುತ್ತಿದ್ದ. ಟ್ಯಾಂಕಿನ ಆಟದಲ್ಲಿ ಕಣ್ಣು ಮುಚ್ಚಿ ಗೆಲ್ಲುತ್ತಿದ್ದವನು ಸೋಲತೊಡಗಿದ. ಪ್ರತಿ ಸಲವೂ ಎಡ ಮೂಲೆಯಿಂದ ಬಂದ ಟ್ಯಾಂಕೇ ಅವನನ್ನು ಹೊಡೆಯುತ್ತಿತ್ತು. ಇದೆಲ್ಲಿಂದ ಬಂತು ಎಂದು ಕೈಯಲ್ಲಿದ್ದುದನ್ನು ಮೇಜಿಗೆ ಕುಕ್ಕುತ್ತಿದ್ದ. ಆಮೇಲೆ ಬಾಕ್ಸಿನ ಗುಂಡಿ ಒತ್ತಿ ಒತ್ತಿ ಚಿತ್ರವನ್ನು ಬಲಕ್ಕೆ ಸರಿಸುತ್ತಿದ್ದ. ಬಲಗಡೆಯ ಅಂಚು ಟಿವಿಯಿಂದ ಹೊರಗೆ ಹೋಗುವ ತನಕ ಸರಿಸಿ, ಈಗ ಖರೆ ಪಿಕ್ಚರ್ ಬಂತು ಅನ್ನುತ್ತಿದ್ದ. ಗಿರಾಕಿಗಳು ತಿರುಗಿ ಬಂದು ಎಡಕ್ಕೆ ಕರಿ ಪಟ್ಟಿ ಬಿದ್ದಿದೆ, ಬಲಕ್ಕೆ ಅಂಕಿಗಳೇ ಕಾಣುವುದಿಲ್ಲ ಎಂದರೆ, ಕಣ್ಣು ತೋರಿಸ್ಕೋ ಹೋಗ್ರಿ ಎಂದು ಬೈದು ಕಳಿಸುತ್ತಿದ್ದ.

ಬಸವಕಲ್ಯಾಣದ ಗುರುಲಿಂಗಣ್ಣ ಅವನ ಹಳೆಯ ಗೆಳೆಯ, ಬಟ್ಟೆ ವ್ಯಾಪಾರಿ. ದೀಪಾವಳಿಗೆ ಗೋಡೆ ತುಂಬುವ ಟಿವಿ ತಂದಿದ್ದ. ಚಿಕ್ಕಂದಿನ ಆಟವನ್ನು ಅದರಲ್ಲಿ ಆಡಬೇಕೆಂದು ಅಣ್ಣನನ್ನು ಕರೆಸಿಕೊಂಡ. ಅಣ್ಣ ಬೆಳಿಗ್ಗೆ ಹೋದ. ಮಧ್ಯಾಹ್ನ ಗುರುಲಿಂಗಣ್ಣ ನನಗೆ ಫೋನು ಮಾಡಿದ. ದನಿ ಸಣ್ಣದು ಮಾಡಿ, ಅಣ್ಣ ಅದೇ ಚಿತ್ರವನ್ನು ಒಂದೇ ಸಮನೆ ಸರಿಸುತ್ತ ಕೂತಿದ್ದಾನೆ, ಊಟಕ್ಕೂ ಏಳುತ್ತಿಲ್ಲ, ಅವನಿಗೇನೋ ಆಗಿದೆ, ಒಂದು ಸಲ ಬಂದು ಹೋಗು ತಂಗಿ ಎಂದ. ಅವತ್ತು ಅಪ್ಪ ಅಂಗಡಿಯಲ್ಲಿದ್ದ. ಮಗನಿಲ್ಲವೆಂದು ತಿಳಿದು ಆರಾಮಾಗಿ ಕೂತು ಚಹಾ ಕುಡಿಯುತ್ತಿದ್ದ. ನಾನು ಶಟರು ಎಳೆದೆ. ಅಪ್ಪ ಏನೂ ಕೇಳದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ. ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಬಸ್ಸು ಬಲಕ್ಕೆ ಹೊರಳುವ ತನಕ ನಾನು ಅಣ್ಣನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಊರು ಕಂಡ ಮೇಲೆ ಬೈಗುಳ ನಿಂತು ಹೆದರಿಕೆ ಶುರುವಾಯಿತು.

ಗುರುಲಿಂಗಣ್ಣನ ಪಡಸಾಲೆಯಲ್ಲಿ ಅಣ್ಣ ನೆಲದ ಮೇಲೆ ಕೂತಿದ್ದ. ಟಿವಿಯಲ್ಲಿ ಚಿತ್ರ ಬಲಕ್ಕೆ ಒತ್ತಿ ಕೂತಿತ್ತು, ಎಡಕ್ಕೆ ಮೊಳದಗಲ ಕತ್ತಲು. ಅಪ್ಪ ಹೋಗಿ ಅವನ ಎಡ ಮೊಣಕಾಲಿನ ಪಕ್ಕದಲ್ಲೇ ಕೂತ. ಅಣ್ಣ ತಿರುಗಲಿಲ್ಲ. ಗುರುಲಿಂಗಣ್ಣನ ಹೆಂಡತಿ ಶೀತಲ್ ಚಹಾ ತಂದು ಬಲಗಡೆ ಇಟ್ಟಳು, ತೆಗೆದುಕೊಂಡು ಕುಡಿದ. ಅಪ್ಪ ಅವತ್ತು ಮೊದಲ ಸಲ ಮಗನ ಆಟವನ್ನು ನೋಡಿದ. ಕಣ್ಣು ಮಿಟುಕಿಸದೆ ನೋಡಿದ. ಎಡದಿಂದ ಟ್ಯಾಂಕು ಬಂತು, ಅಣ್ಣನ ಟ್ಯಾಂಕು ಸಿಡಿಯಿತು. ಮತ್ತೆ ಬಂತು, ಮತ್ತೆ ಸಿಡಿಯಿತು. ಅಪ್ಪ ಟಿವಿ ಬಿಟ್ಟು ಅಣ್ಣನ ಮುಖ ನೋಡತೊಡಗಿದ. ಆಮೇಲೆ ಎದ್ದು ಹೊರಗೆ ಹೋಗಿ, ಬಾಗಿಲ ಮುಂದಿನ ಬೇವಿನ ಮರದಿಂದ ಎಲೆ ತುಂಬಿದ ಒಂದು ಟೊಂಗೆ ಮುರಿದುಕೊಂಡು ಬಂದ.

ಕುರಿಯ ಮನೆಯಲ್ಲಿ ಹುಟ್ಟಿದ ನನಗೆ ಆ ಟೊಂಗೆ ಯಾಕೆಂದು ಗೊತ್ತು. ಕೆಲವು ಕುರಿಗೆ ತಲೆಯೊಳಗೆ ಗುಳ್ಳೆ ಬೆಳೆಯುತ್ತದೆ. ಅಂಥದು ಹಿಂಡು ಬಿಟ್ಟು ಒಂದೇ ಕಡೆಗೆ ಸುತ್ತುತ್ತದೆ, ಒಂದೇ ಬದಿಯ ಮೇವು ತಿನ್ನುತ್ತದೆ. ಅನುಮಾನ ಬಂದರೆ ಅಪ್ಪ ಹಸಿ ಟೊಂಗೆಯನ್ನು ಕುರಿಯ ಮೋರೆಯ ಒಂದು ಮಗ್ಗಲಿನಿಂದ ಮೆಲ್ಲಗೆ ತರುತ್ತಾನೆ. ಮೂಗು ದಾಟುವವರೆಗೆ ಕುರಿ ಬಾಯಿ ಹಾಕದಿದ್ದರೆ ಮುಗಿಯಿತು. ಅದು ಹಿಂಡಿಗೆ ಮರಳುವುದಿಲ್ಲ, ಬರುವ ಸಂತೆಗೆ ಕಟುಕರ ಕೈಗೆ ಹೋಗುತ್ತದೆ.

ಅಪ್ಪ ಮೊದಲಿನ ಜಾಗದಲ್ಲೇ ಕೂತು ಟೊಂಗೆಯನ್ನು ಅಣ್ಣನ ಎಡ ಕಿವಿಯ ಹತ್ತಿರದಿಂದ ತಂದ. ಕೆನ್ನೆಯ ಮುಂದೆ ತಂದ. ಎಡಗಣ್ಣಿನ ಎದುರಿಗೇ ಎಲೆಗಳು ಅಲ್ಲಾಡಿದವು. ಅಣ್ಣ ರೆಪ್ಪೆ ಹೊಡೆಯಲಿಲ್ಲ, ಟ್ಯಾಂಕು ಓಡಿಸುತ್ತಲೇ ಇದ್ದ. ಟೊಂಗೆ ಮೂಗು ದಾಟಿ ಬಲಕ್ಕೆ ಬಂತು. ಅಣ್ಣ ಬೆಚ್ಚಿ ಟೊಂಗೆ ಹಿಡಿದ. ಟೊಂಗೆಯ ಗುಂಟ ಕೈ, ಕೈಯ ಗುಂಟ ಮುಖ ಹುಡುಕುತ್ತ ಪೂರ್ತಿ ಕತ್ತು ಹೊರಳಿಸಿದ. ಅವನ ಮುಖದಲ್ಲಿ ಸೊಕ್ಕೂ ಇರಲಿಲ್ಲ, ಮುನಿಸೂ ಇರಲಿಲ್ಲ. ಖುಷಿಯೇ ಇತ್ತು.

"ಅಪ್ಪಾ, ಯಾವಾಗ ಬಂದಿ? ಭಾಳ ದಿನ ಆತಲ್ಲ ನೀ ಬಂದು."

ಅಪ್ಪ ಟೊಂಗೆಯನ್ನು ಅವನ ಕೈಗೇ ಬಿಟ್ಟ.

"ಈಗ ಬಂದೀನಪ್ಪಾ. ಈಗೇ ಬಂದೆ."

ಗುರುಲಿಂಗಣ್ಣ ಮರುದಿನವೇ ತನ್ನ ಕಾರಿನಲ್ಲಿ ಹೈದರಾಬಾದಿಗೆ ಕರೆದುಕೊಂಡು ಹೋದ. ತಲೆಯ ಫೋಟೋ ತೆಗೆದರು. ಬಲ ಮಿದುಳಿನಲ್ಲಿ ಗಡ್ಡೆ, ಅದಕ್ಕೇ ಎಡಗಡೆಯ ಲೋಕ ಇವರ ಪಾಲಿಗಿಲ್ಲ, ಇಲ್ಲವೆಂಬುದು ಸ್ವತಃ ಇವರಿಗೂ ತಿಳಿಯುವುದಿಲ್ಲ ಎಂದು ಡಾಕ್ಟರರು ವಿವರಿಸಿದರು. ಮಳೆಗಾಲದಲ್ಲೇ ತಂದಿದ್ದರೆ ತೆಗೆಯಬಹುದಿತ್ತು, ಈಗ ಬಹಳ ಹಬ್ಬಿದೆ, ಮನೆಗೆ ಒಯ್ದು ಚೆನ್ನಾಗಿ ನೋಡಿಕೊಳ್ಳಿ ಎಂದರು. ಮನೆಯವರಿಗೆ ಏನೂ ಗೊತ್ತಾಗಲಿಲ್ಲವೇ ಎಂದು ಒಬ್ಬರು ಕೇಳಿದರು. ಏನು ಹೇಳಲಿ? ಹಿಂಡಿ ತಿನ್ನಲಿಲ್ಲವೆಂದು ಮುನಿಸಿಕೊಂಡಿದ್ದೆವು ಎನ್ನಲೇ? ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ಅಂವ ಮೊದಲ ಮಾತಾಡಸಲಿ ಅಂತ ಕುಂತಿದ್ನೆವ್ವಾ ನಾ," ಎಂದ. "ಕುರಿ ಆಗಿದ್ರ ಒಂದ ದಿನದಾಗ ಗುರ್ತು ಹಿಡೀತಿದ್ದೆ."

ಅವನನ್ನು ಮೆಟ್ಟಿಲ ಮೇಲೆಯೇ ಬಿಟ್ಟು ನಾನು ಅಣ್ಣನ ಹತ್ತಿರ ಒಳಗೆ ಹೋದೆ.

ಅಣ್ಣನನ್ನು ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿಸಿದೆವು. ಹಿಂಡಿಯನ್ನು ತಾಟಿನ ಬಲಕ್ಕೆ ಬಡಿಸತೊಡಗಿದೆ, ಎರಡು ತುತ್ತು ಉಂಡರೂ ಹಿಂಡಿ ಹಚ್ಚಿಕೊಂಡೇ ಉಣ್ಣುತ್ತಿದ್ದ. ಅಪ್ಪ ಕುರಿಗಳನ್ನು ತನ್ನ ಅಣ್ಣತಮ್ಮಂದಿರಿಗೆ ಒಪ್ಪಿಸಿ ಬಂದುಬಿಟ್ಟ. ಬೆಳಿಗ್ಗೆ ಎದ್ದು ಅಣ್ಣನ ಬಲಕ್ಕೆ ಬಂದು ನಿಂತು, ಎದ್ದಿ ಏನಪ್ಪಾ ಎಂದು ತಾನೇ ಮೊದಲು ಮಾತಾಡಿಸುತ್ತಿದ್ದ. ಹಿರಿಯರು ಮೊದಲು ಮಾತಾಡುವುದೇ ಎಂದು ಅಣ್ಣ ನಗುತ್ತಿದ್ದ.

ಶಿವರಾತ್ರಿ ಹತ್ತಿರ ಬಂದಾಗ ಒಂದು ದಿನ ಟ್ಯಾಂಕಿನ ಆಟ ಹಚ್ಚು ಎಂದ. ಟಿವಿಯನ್ನು ಕೋಣೆಗೆ ಹೊತ್ತು ತಂದೆ. ಅವನು ಹೇಳಿಕೊಟ್ಟ ಹಾಗೆಯೇ ವೈರು ಹಾಕಿದೆ, ಟಿವಿಯ ಜಾಣತನ ಬಂದ್ ಮಾಡಿದೆ, ಬಾಕ್ಸು ಹಾಕಿದೆ. ಚಿತ್ರ ತೊಳೆದಿಟ್ಟ ಹಾಗೆ ಬಂತು, ಇಟ್ಟಿಗೆಯ ಗೆರೆ ಒಂದೊಂದೂ ಎಣಿಸಬಹುದಿತ್ತು. ಅವನು ಸ್ವಲ್ಪ ನೋಡಿದ.

"ಎಡಗಡಿ ಕಟ್ ಆಗ್ಯಾದ, ಧನು," ಎಂದ. ಜಗಳದ ದನಿ ಅಲ್ಲ, ಬೇಡುವ ದನಿ.

ನಾನು ಬಾಕ್ಸಿನ ಗುಂಡಿ ಒತ್ತಿದೆ. ಚಿತ್ರವನ್ನು ಕುಗ್ಗಿಸಿದೆ, ಬಲಕ್ಕೆ ಸರಿಸಿದೆ, ಮತ್ತೆ ಕುಗ್ಗಿಸಿದೆ, ಮತ್ತೆ ಸರಿಸಿದೆ. ಇಡೀ ಆಟ ಟಿವಿಯ ಬಲ ಅರ್ಧದೊಳಗೆ ಹೋಗಿ ಕೂತಿತು. ಎಡ ಅರ್ಧ ಪೂರ್ತಿ ಕತ್ತಲು. ಆಟ ಶುರುವಾಯಿತು. ಎಡ ಮೂಲೆಯಿಂದ ಟ್ಯಾಂಕು ಬಂತು. ಅಣ್ಣ ಮೆಲ್ಲಗೆ ತನ್ನ ಟ್ಯಾಂಕನ್ನು ಹೊರಳಿಸಿ ಅದನ್ನು ಹೊಡೆದ.

"ಈಗ ಖರೆ ಪಿಕ್ಚರ್ ಬಂತು ನೋಡ್," ಎಂದ.

ಅಪ್ಪ ಹೌದಪ್ಪಾ ಎಂದ. ನಾನೂ ಹೌದು ಎಂದೆ. ಆ ಕತ್ತಲ ಅರ್ಧವನ್ನು ನಾವಿಬ್ಬರೂ ನೋಡದೆ, ಅವನ ಬಲಗಡೆಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತೆವು.