ಮಗ್ಗ ನಿಲ್ಲಿಸಿ ಕೇಳುವ ಮಾತು

ಪಕ್ಕದ ಮನೆಯ ಕಾಕಾನ ಎಡಗಿವಿಯಲ್ಲಿ ಯಾವಾಗಲೂ ಒಂದು ಸಣ್ಣ ನೂಲಿನ ಉಂಡೆ ಇರುತ್ತಿತ್ತು. ಆ ವಾರ ಮಗ್ಗದ ಮೇಲೆ ಇದ್ದ ಸೀರೆಯ ಬಣ್ಣವೇ ಅದರ ಬಣ್ಣ. ಕೆಂಪು ಸೀರೆಯ ವಾರ, ಕಿವಿಯಿಂದ ರಕ್ತ ಬಂದು ಹೆಪ್ಪುಗಟ್ಟಿದೆ ಅಂದುಕೊಂಡು ಒಮ್ಮೆ ಬೆಚ್ಚಿದ್ದೆ. ‘ಯಾವಾಗಲೂ’ ಎಂದು ಬರೆದುಬಿಟ್ಟೆ. ನಿಜವಾಗಿ ನಾನು ಕಂಡದ್ದು ಎರಡೇ ಬಣ್ಣ ಇರಬೇಕು, ಕೆಂಪು ಮತ್ತು ಗಿಣಿಹಸಿರು. ಉಳಿದವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಈ ಬರಹದಲ್ಲಿ ಇನ್ನೂ ಏನೇನು ಸೇರಿಸುತ್ತೇನೋ ಎಂಬ ಭಯಕ್ಕೆ ಹಳೆಯ ಡೈರಿಯನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದೇನೆ.

ಬೆಟಗೇರಿಯಲ್ಲಿ ನಾನು, ಅವ್ವ ಬಾಡಿಗೆಗಿದ್ದ ಮನೆಗೆ ಗೋಡೆ ಹಚ್ಚಿಯೇ ಅವರ ಮನೆ. ಮುಂದಿನ ಪಡಸಾಲೆಯಲ್ಲಿ ನಾಲ್ಕು ವಿದ್ಯುತ್ ಮಗ್ಗ, ಹಿಂದೆ ಅಡಿಗೆಮನೆ, ನಡುವೆ ಇಕ್ಕಟ್ಟಾದ ಜಾಗದಲ್ಲಿ ಇಡೀ ಸಂಸಾರ. ಓಣಿಯವರಿಗೆಲ್ಲ ಅವರು ಮಗ್ಗದ ಕಾಕಾ. ತಂದೆಯ ಕಾಲದ ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗಕ್ಕೆ ಬಂದ ಮೇಲೆ ಅವರ ಕಿವಿ ನಿಧಾನಕ್ಕೆ ಹೋಗುತ್ತ ಬಂದಿತ್ತು. ನಾನು ವಾಕ್ ಮತ್ತು ಶ್ರವಣ ವಿಜ್ಞಾನದಲ್ಲಿ ಪದವಿ ಮುಗಿಸಿ ಬಂದವಳು. ಗೋಡೆಯಾಚೆ ಒಬ್ಬ ಮನುಷ್ಯನ ಕಿವಿ ಹೋಗುತ್ತಿತ್ತು. ಅವರನ್ನು ಒಂದು ಸಲವೂ ಯಂತ್ರದ ಮುಂದೆ ಕೂರಿಸಿ ಪರೀಕ್ಷಿಸಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಮುಂದಿನದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಮಗ್ಗದ ಸದ್ದಿನಲ್ಲಿ ಬಾಯಿಗೆ ಬೆಲೆಯಿಲ್ಲ. ಆ ಮನೆಯವರು ಮುಖದಲ್ಲೇ ಮಾತಾಡುತ್ತಿದ್ದರು. ಹುಬ್ಬು ಮೇಲೆತ್ತಿದರೆ ‘ಆತು’. ಕಿರುಬೆರಳು ತೋರಿಸಿದರೆ ಎಲ್ಲೋ ಎಳೆ ಹರಿದಿದೆ. ಗದ್ದ ಬಾಗಿಲ ಕಡೆ ತಿರುಗಿದರೆ ಯಾರೋ ಬಂದಿದ್ದಾರೆ. ಕಾಕಾ ಈ ರೂಢಿಯನ್ನು ಸಂತೆಗೂ ಒಯ್ಯುತ್ತಿದ್ದರು. ಬದನೆಕಾಯಿಯ ಬುಟ್ಟಿಯ ಮುಂದೆ ನಿಂತು ದರ ಕೇಳಲೂ ಹುಬ್ಬನ್ನೇ ಹಾರಿಸುತ್ತಿದ್ದರು. ಕಾಯಿಪಲ್ಲೆಯವಳು ರೇಗುತ್ತಿದ್ದಳು.

“ಬಾಯಿ ಬಿಟ್ಟು ಕೇಳ್ರಿ ಕಾಕಾ, ಹುಬ್ಬಿಗೆ ಬದನಿಕಾಯಿ ಬೀಳಂಗಿಲ್ಲ!”

“ಬಾಯಿ ಬಿಟ್ಟ್ರ ಪುಗಸಟ್ಟೆ ಕೊಡ್ತೀ ಏನು?”

ನಿಜವಾಗಿಯೂ ಏನಾದರೂ ಕೇಳಬೇಕಾಗಿ ಬಂದರೆ ಮಾತ್ರ ಅವರು ನಾಲ್ಕೂ ಮಗ್ಗ ನಿಲ್ಲಿಸುತ್ತಿದ್ದರು. ದಿನವಿಡೀ ಕಟಕಟ ಎನ್ನುವ ಗೋಡೆ ಒಮ್ಮೆಲೇ ಸುಮ್ಮನಾದರೆ ನಮ್ಮ ಅವ್ವ ಒಲೆಯ ಮುಂದಿನಿಂದಲೇ, “ಕಾಕಾ ಏನೋ ಕೇಳಾಕತ್ತಾರ,” ಅನ್ನುತ್ತಿದ್ದಳು.

ಓದು ಮುಗಿಸಿ ಬಂದ ಹೊಸದರಲ್ಲಿ ನಾನು ಗದಗಿನ ಒಂದು ಸಣ್ಣ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದೆ. ಅದನ್ನು ನಡೆಸುತ್ತಿದ್ದವರು ಹೊರಗಿನಿಂದ ಬಂದ, ಬಹಳ ಓದಿದ ಒಬ್ಬ ಸರ್. ಬೇಸಿಗೆಯಲ್ಲಿ, ಒಂದನೇ ಇಯತ್ತೆಗೆ ಸೇರಲಿರುವ ಮಕ್ಕಳ ಮಾತು ಪರೀಕ್ಷಿಸುವ ಶಿಬಿರ ಇಟ್ಟೆವು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದಲೂ ತಾಯಂದಿರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಮೊದಲ ಬಸ್ಸಿಗೆ ಬಂದಿದ್ದರು. ನಮ್ಮ ಚಿತ್ರದ ಪುಸ್ತಕದಲ್ಲಿ ಹಿಮದ ಗೊಂಬೆ ಇತ್ತು, ಮಲಗಿ ಸ್ನಾನ ಮಾಡುವ ತೊಟ್ಟಿ ಇತ್ತು. ಲಕ್ಷ್ಮೇಶ್ವರದ ಒಬ್ಬ ಹುಡುಗ ಎಲ್ಲ ಚಿತ್ರಗಳಿಗೂ ಚೆಂದಾಗಿ ಉರ್ದುವಿನಲ್ಲಿ ಉತ್ತರ ಹೇಳಿದ. ಸರ್ ಬಿಸ್ಕತ್ತು ಕಡಿಯುತ್ತ, “ಕಾಲಂ ಕನ್ನಡದ್ದು, ಸೊನ್ನೆ ಹಾಕಮ್ಮ,” ಅಂದರು. ಹಾಕಿದೆ. ಅವನ ತಾಯಿ ನನಗೆ ಕೈಮುಗಿದು ಹೋದಳು.

ಆ ದಿನ ಕಾಕಾನ ಮೊಮ್ಮಗಳೂ ಬಂದಿದ್ದಳು. ಐದು ವರ್ಷ ದಾಟಿದ್ದ ಹುಡುಗಿ. ಹರ್ತಿಯಿಂದ ಬಂದ ಸೊಸೆಯ ಮಗಳು, ಪಕ್ಕದ ಮನೆಯವಳೇ. ನಾನು ಛತ್ರಿಯ ಚಿತ್ರ ತೋರಿಸಿ, “ಇದೇನು?” ಅಂದೆ. ಅವಳು ಛತ್ರಿ ನೋಡಿದಳು, ನನ್ನನ್ನು ನೋಡಿದಳು, ಹುಬ್ಬು ಎತ್ತಿ ಸುಮ್ಮನೆ ಕೂತಳು. ಗಡಿಯಾರ, ಬಾಳೆಹಣ್ಣು, ಬೆಕ್ಕು, ಎಲ್ಲಕ್ಕೂ ಅದೇ. ಊರಿಗೆ ಬಂದು ಎರಡು ತಿಂಗಳಾಗಿದ್ದರೂ ಗೋಡೆಯಾಚೆಯಿಂದ ಈ ಹುಡುಗಿಯ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನಾಲ್ಕು ಮಗ್ಗದ ಸದ್ದಿನಲ್ಲಿ ಯಾರ ದನಿ ಕೇಳೀತು ಎಂದು ಯೋಚಿಸಲಿಲ್ಲ. ಅದನ್ನೂ ಒಂದು ಪುರಾವೆ ಎಂದು ಲೆಕ್ಕಕ್ಕೆ ಹಿಡಿದೆ. ‘ಮಾತಿನ ಬೆಳವಣಿಗೆಯಲ್ಲಿ ತೀವ್ರ ಹಿಂದುಳಿಕೆ. ವಿಶೇಷ ವಸತಿ ಶಾಲೆಗೆ ಸೂಚಿಸಲಾಗಿದೆ’ ಎಂದು ಬರೆದು ಸಹಿ ಮಾಡಿದೆ. ನನ್ನ ಸಹಿ ಆಗ ಬಹಳ ಅಂದವಾಗಿತ್ತು.

ಮರುದಿನ ಸಂಜೆ ಗೋಡೆ ಸುಮ್ಮನಾಯಿತು. ಕಾಕಾ ಆ ಹಾಳೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ನನ್ನನ್ನು ಕರೆದುಕೊಂಡು ಹೋಗಿ ನಿಂತ ಮಗ್ಗಗಳ ನಡುವೆ ಕೂರಿಸಿದರು.

“ಏನವಾ ತಂಗಿ, ನಮ್ಮ ಹುಡುಗಿನ್ನ ಮೂಕಿ ಮಾಡಿ ಕಳಿಸೀಯಲ್ಲ?”

“ಮೂಕಿ ಅಂತ ಬರದಿಲ್ಲರಿ ಕಾಕಾ. ಮಾತು ಹಿಂದ ಐತಿ ಅಂತ...”

“ಹಿಂದ ಅಂದ್ರ ಎಲ್ಲೆ? ಅಡಗಿಮನ್ಯಾಗೇನು?” ಅಂದು ತಾವೇ ಜೋರಾಗಿ ನಕ್ಕರು. ಆಮೇಲೆ ನಗು ನಿಲ್ಲಿಸಿ, “ಏನ್ ಕೇಳಿದಿ ಆಕಿಗೆ?”

“ಛತ್ರಿ ಚಿತ್ರ ತೋರಿಸಿ, ಇದೇನು ಅಂತ ಕೇಳಿದೆ.”

“ಅದು ಛತ್ರಿ ಅಂತ ನಿನಗ ಗೊತ್ತಿರಲಿಲ್ಲೇನು?”

“ಗೊತ್ತಿತ್ತರಿ.”

“ಮತ್ತ ಯಾಕ ಕೇಳಿದಿ?”

ನಾಲ್ಕು ವರ್ಷ ಓದಿದ್ದೆ. ಈ ಪ್ರಶ್ನೆ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

“ಈ ಮನ್ಯಾಗ ಒಂದು ಮಾತು ಕೇಳಬೇಕಂದ್ರ ನಾಕೂ ಮಗ್ಗ ನಿಂದ್ರಸಬೇಕು,” ಅಂದರು ಕಾಕಾ. “ಗೊತ್ತಿದ್ದದ್ದು ಕೇಳಾಕ ಯಾವ ಹುಚ್ಚ ಮಗ್ಗ ನಿಂದ್ರಸ್ತಾನ? ಈ ಅಕ್ಕ ನಂಗ ಚಾಷ್ಟಿ ಮಾಡಾಕತ್ತಾಳ ಅಂತ ಕೂಸು ಸುಮ್ಮ ಕುಂತೈತಿ. ನಿನಗ ಗೊತ್ತಿಲ್ಲದ್ದು ಕೇಳು, ನೋಡೋಣು.”

ನನಗೆ ಗೊತ್ತಿಲ್ಲದ್ದು ಆ ಪಡಸಾಲೆಯ ತುಂಬ ಬಿದ್ದಿತ್ತು. ಲಾಳಿಯೊಳಗೆ ಇಡುವ ನೂಲಿನ ಕಂಡಕಿಯೊಂದನ್ನು ಬುಟ್ಟಿಯಿಂದ ಎತ್ತಿಕೊಂಡು, “ಇದನ್ನ ಹೆಂಗ ಸುತ್ತೋದು?” ಎಂದು ಹುಡುಗಿಯನ್ನು ಕೇಳಿದೆ. ನನಗೆ ನಿಜಕ್ಕೂ ಗೊತ್ತಿಲ್ಲವೇ ಎಂದು ಅವಳು ಸ್ವಲ್ಪ ಹೊತ್ತು ನನ್ನ ಮುಖ ಪರೀಕ್ಷಿಸಿದಳು. ಅಜ್ಜನ ಕಡೆ ನೋಡಿದಳು. ಅಜ್ಜನ ಹುಬ್ಬು ಮೇಲೇರಿತು.

“ಮದಲ ತುದಿ ಒತ್ತಿ ಹಿಡೀಬೇಕು. ಆಮ್ಯಾಲೆ ರಾಟಿ ತಿರುಗಸ್ಬೇಕು. ಅಯ್ಯ, ಹಂಗಲ್ಲಕ್ಕಾ! ಬಿಗಿ ಹಿಡದ್ರ ಎಳಿ ಹರೀತೈತಿ, ಸಡ್ಲ ಬಿಟ್ರ ಗಂಟ ಬೀಳತೈತಿ, ಆಮ್ಯಾಲೆ ಅಜ್ಜ ಕಣ್ಣ ತಗೀತಾನ. ಇಷ್ಟ ದೊಡ್ಡಾಕಿ ಆಗಿ ಇದೂ ಗೊತ್ತಿಲ್ಲೇನ ನಿನಗ? ನಿಮ್ಮವ್ವ ಕಲಿಸಿಲ್ಲೇನು?”

ಅವಳು ನಿಲ್ಲಿಸಲೇ ಇಲ್ಲ. ಕಾಕಾ ನನ್ನ ಕೈಯಲ್ಲಿ ಗೋಜಲಾಗಿದ್ದ ನೂಲನ್ನು ನೋಡಿ, “ಈಗ ನಾ ನಿನಗ ಎಷ್ಟು ಮಾರ್ಕ್ ಹಾಕ್ಲಿ?” ಅಂದರು. ಆಮೇಲೆ ಹಾಳೆಯನ್ನು ನನ್ನ ಮಡಿಲಲ್ಲಿಟ್ಟು ಮೆಲ್ಲಗೆ ಹೇಳಿದರು. “ಹಾಸ್ಟೆಲ್‌ದಾಗ ಬಿಟ್ಟು ಬರಾಕ ನಮ್ಮಿಂದ ಆಗೂದಿಲ್ಲ ತಂಗಿ. ಓಣ್ಯಾಗಿನ ಸಾಲಿಗೆ ಹೊಕ್ಕಾಳ ಆಕಿ. ಸಾಲಿಯವರು ಈ ಕಾಗದದ ಝರಾಕ್ಸ್ ಇಟ್ಕೊಂಡು ಒಲ್ಲೆ ಅನ್ನಾಕತ್ತಾರ. ನೀನ ಬರದೀಯಿ, ನೀನ ಸರಿ ಮಾಡು.”

ಮಾಡಬೇಕಾದದ್ದು ಅಷ್ಟೇ. ಇನ್ನೊಂದು ಹಾಳೆ, ಇನ್ನೊಂದು ಸಹಿ.

ಮರುದಿನ ಸರ್‌ಗೆ ಎಲ್ಲ ಹೇಳಿದೆ. ಅವರ ಕಣ್ಣು ಅರಳಿದವು. “ಇದು ಬಂಗಾರ ಕಣಮ್ಮ! ಭಾಷಿಕ, ಸಾಂಸ್ಕೃತಿಕ ವೈವಿಧ್ಯದ ಮೇಲೆ ಸೆಮಿನಾರ್ ಇದೆ, ಅಲ್ಲಿ ಓದೋಣ. ಆ ಅಜ್ಜನ ವಿಡಿಯೋ ಮಾಡ್ಕೊಂಡು ಬಾ. ಆದ್ರೆ ರಿಪೋರ್ಟ್ ಈಗಲೇ ಬದಲಾಯಿಸಬೇಡ. ಹಳೇದು ಹಾಗೇ ಇದ್ದರೆ, ಸೆಮಿನಾರ್ ಆದ ಮೇಲೆ ಮತ್ತೆ ಟೆಸ್ಟ್ ಮಾಡಿ, ಮೊದಲು ಹೀಗಿತ್ತು, ಆಮೇಲೆ ಹೀಗಾಯ್ತು ಅಂತ ಮುಂದಿನ ಪೇಪರ್‌ನಲ್ಲಿ ತೋರಿಸಬಹುದು.”

ನಾನು ಪ್ರತಿಭಟಿಸಿದೆ ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಮೇಜಿನ ಮೇಲೆ ಕೈಯೂರಿ, “ಶಾಲೆ ಸೇರಿಸುವ ದಿನ ಹತ್ತಿರ ಬಂದಿದೆ ಸರ್,” ಅಂದದ್ದು, ಅವರು ಮುಖ ತಿರುಗಿಸಿದ್ದು, ಕಿಟಕಿಯ ಬೆಳಕು ಕೂಡ ನೆನಪಿದೆ. ಈಗ ಡೈರಿ ತೆರೆದಿದ್ದೇನೆ. ಆ ದಿನದ ಪುಟದಲ್ಲಿ ಇರುವುದು ಇಷ್ಟು: ‘ಸರ್ ಹೇಳಿದ್ದು ಸರಿ. ಒಂದು ತಿಂಗಳಲ್ಲಿ ಏನೂ ಆಗುವುದಿಲ್ಲ. ನನ್ನ ಮೊದಲ ಪ್ರಬಂಧ!!’ ಕೊನೆಯಲ್ಲಿ ಎರಡು ಉದ್ಗಾರ ಚಿಹ್ನೆ. ಇಷ್ಟು ವರ್ಷ ನನ್ನ ನೆನಪು ನನ್ನನ್ನು ತೊಳೆದು ತೊಳೆದು ಬೆಳ್ಳಗೆ ಮಾಡುತ್ತಿತ್ತು.

ವಿಡಿಯೋ ಮಾಡಲು ಹೋದ ದಿನ ಕಾಕಾ ತಲೆ ಬಾಚಿ, ಒಗೆದ ಅಂಗಿ ಹಾಕಿಕೊಂಡಿದ್ದರು. ಕಿವಿಯಲ್ಲಿ ಹೊಸ ನೂಲು. ಅದು ಗಿಣಿಹಸಿರು, ಇದು ಖಂಡಿತ, ವಿಡಿಯೋದಲ್ಲಿದೆ. ಹುಬ್ಬು, ಬೆರಳು, ಗದ್ದ, ಎಲ್ಲವನ್ನೂ ನಾನು ಹೇಳಿದಷ್ಟು ಸಲ ಮಾಡಿ ತೋರಿಸಿದರು. ಮುಗಿದ ಮೇಲೆ ಮಗ್ಗ ನಿಲ್ಲಿಸಿದರು.

“ಇದರಿಂದ ಹುಡುಗಿ ಕಾಗದ ಸರಿ ಆಕ್ಕೈತೆಲ್ಲ?”

“ಆಕ್ಕೈತ್ರಿ ಕಾಕಾ.”

ಅವರು ಗೊತ್ತಿಲ್ಲದ್ದನ್ನು ಕೇಳಿದ್ದರು. ನಾನು ಸುಳ್ಳು ಹೇಳಿದೆ.

ಸೆಮಿನಾರು ಗದಗಿನಲ್ಲೇ ನಡೆಯಿತು. ಪರದೆಯ ಮೇಲೆ ಕಾಕಾನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ಹುಬ್ಬು ಹಾರಿತು. ಸಭೆ ನಕ್ಕಿತು. ಸರ್ ನಗುವಿಗೆಂದೇ ನಿಲ್ಲಿಸಿ, ಅದನ್ನೇ ಮತ್ತೊಮ್ಮೆ ಓಡಿಸಿದರು. ‘ನಮ್ಮ ಪರೀಕ್ಷೆಗಳು ಈ ಮಕ್ಕಳಿಗೆ ಅನ್ಯಾಯ ಮಾಡುತ್ತಿವೆ’ ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದರು. ದೊಡ್ಡ ಚಪ್ಪಾಳೆ. ಅನ್ಯಾಯದ ಹಾಳೆ ಆ ಹೊತ್ತಿನಲ್ಲೂ ಶಾಲೆಯ ಕಪಾಟಿನಲ್ಲಿತ್ತು. ಪರದೆಯ ಮೇಲೆ ಎರಡನೆಯ ಹೆಸರು ನನ್ನದು. ಹೊರಗೆ ಬಿಸಿ ಮಿರ್ಚಿ ಕೊಟ್ಟರು. ಎಣ್ಣೆಗೈಯಲ್ಲೇ ನಾನು ಯಾರಿಗೋ ಕಾಕಾನ ಬದನೆಕಾಯಿ ವ್ಯಾಪಾರವನ್ನು ನಟಿಸಿ ತೋರಿಸಿದೆ, ಹುಬ್ಬು ಹಾರಿಸಿ. ಅವರು ನಕ್ಕರು. ನಾನೂ ನಕ್ಕೆ. ಇದು ಡೈರಿಯಲ್ಲಿಲ್ಲ. ಇದನ್ನು ಮಾತ್ರ ನೆನಪಿಗೆ ತೊಳೆಯಲು ಆಗಲಿಲ್ಲ.

ಹೊಸ ಹಾಳೆ ಹಿಡಿದು ಓಣಿಯ ಶಾಲೆಗೆ ಹೋದಾಗ ಶಾಲೆ ಶುರುವಾಗಿ ಬಹಳ ದಿನಗಳಾಗಿದ್ದವು. ಮುಖ್ಯೋಪಾಧ್ಯಾಯಿನಿ ಹಳೆಯ ಹಾಳೆ ತೆಗೆದು ಮುಂದಿಟ್ಟರು.

“ಇದರ ಮ್ಯಾಲೂ ನಿಮ್ಮ ಸಹಿನ ಐತೆಲ್ರಿ ಮೇಡಂ. ಯಾವುದು ಖರೆ ಅಂತ ತಿಳಕೊಳ್ಳೂಣ್ರಿ ನಾವು? ಅಂಗನವಾಡಿಯಾಗ ಇನ್ನೊಂದು ವರ್ಷ ಇರ್ಲಿ ಬಿಡ್ರಿ. ಕಾಕಾಗೂ ಹಂಗ ಹೇಳಿ ಕಳಿಸೀವಿ.”

ಸಂಜೆ ಕಾಕಾನ ಮನೆಗೆ ಹೋದೆ. ಮಗ್ಗಗಳು ಓಡುತ್ತಿದ್ದವು. ಬಾಗಿಲಲ್ಲಿ ನಿಂತು, “ತಡ ಆತ್ರಿ ಕಾಕಾ, ನಂದ ತಪ್ಪು,” ಎಂದು ಕೂಗಿದೆ. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸಲಿಲ್ಲ. ಅವರು ನನ್ನ ತುಟಿಗಳನ್ನು ನೋಡಿದರು. ಮಗ್ಗ ನಿಲ್ಲಿಸಲಿಲ್ಲ. ಹುಬ್ಬು ಎತ್ತಿದರು, ಆತು. ತಿರುಗಿ ಹರಿದ ಎಳೆ ಕಟ್ಟತೊಡಗಿದರು. ಯಾಕೆ ಎಂದು ಅವರು ನನ್ನನ್ನು ಕೇಳಲೇ ಇಲ್ಲ. ಅವರಿಗೆ ಆಗಲೇ ಗೊತ್ತಾಗಿತ್ತು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಆ ಪಂಚಮಿಗೆ ಎಂದಿನಂತೆ ಮೊಮ್ಮಗಳ ಕೈಯಲ್ಲಿ ನಮ್ಮ ಮನೆಗೆ ಶೇಂಗಾದ ಉಂಡಿ ಕಳಿಸಿದರು. ನುಂಗಲಾಗದೆ ಹಿತ್ತಲಲ್ಲಿ ಉಗುಳಿದೆ.

ಆಮೇಲೆ ಸರ್ ಅವರ ಕೇಂದ್ರ ಬಿಟ್ಟೆ. ಅದನ್ನೂ ದೊಡ್ಡ ತ್ಯಾಗ ಎಂದು ಬರೆಯಬಾರದು. ಬೇರೆ ಕಡೆ ಕೆಲಸ ಸಿಕ್ಕಿತ್ತು. ಈಗ ನನ್ನ ಮುಂದೆ ಯಾವ ಮಗು ಕೂತರೂ, ಮೊದಲು ನನಗೆ ಗೊತ್ತಿಲ್ಲದ ಏನನ್ನಾದರೂ ಕೇಳುತ್ತೇನೆ. ಬಾಳೆಹೊಸೂರಿನ ಒಬ್ಬ ಹುಡುಗ ಎಮ್ಮೆ ಸೊರ ಬಿಡದೆ ಹಾಲು ಹಿಡಿದುಕೊಂಡರೆ ಏನು ಮಾಡಬೇಕು ಎಂದು ವಿವರಿಸಿದ. ಒಬ್ಬ ಹುಡುಗಿ ಅತ್ತರಿನ ವಾಸನೆ ಬಟ್ಟೆಗೆ ಎಷ್ಟು ದಿನ ಹಿಡಿಯುತ್ತದೆಂದು ಉರ್ದುವಿನಲ್ಲಿ ಹೇಳಿದಳು. ಅವಳ ತಾಯಿಯಿಂದ ಅರ್ಥ ಕೇಳಿಕೊಂಡೆ. ಬಳಿಕ ಫಾರ್ಮು ತೆರೆದರೆ ಅಲ್ಲಿ ಅದೇ ಛತ್ರಿ. ಅದನ್ನೂ ಕೇಳುತ್ತೇನೆ, ಕೇಳಲೇಬೇಕು. ಸರ್ ಇಂದಿಗೂ ವೇದಿಕೆಗಳಲ್ಲಿ ಕಾಕಾನ ಕಥೆ ಹೇಳುತ್ತಾರಂತೆ. ಅವರ ಕಥೆಯಲ್ಲಿ ಹುಡುಗಿ ಅದೇ ವರ್ಷ ಶಾಲೆಗೆ ಸೇರುತ್ತಾಳಂತೆ.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡರು. ಅವ್ವ ಫೋನಿನಲ್ಲಿ ಮೊದಲು ಹೇಳಿದ್ದು, “ಗ್ವಾಡಿ ಸುಮ್ಮನಾಗೇತಿ ನೋಡ,” ಎಂದು. ನಾನು ತಲುಪುವಷ್ಟರಲ್ಲಿ ಮಣ್ಣು ಮುಗಿದಿತ್ತು. ನಾಲ್ಕೂ ಮಗ್ಗದ ಮೇಲೆ ಅರ್ಧಂಬರ್ಧ ಸೀರೆಗಳು ಹಾಗೇ ಇದ್ದವು. ಹುಡುಗಿ ಕಂಡಕಿಯ ಬುಟ್ಟಿಯ ಪಕ್ಕದಲ್ಲಿ ಕೂತಿದ್ದಳು. ಈಗ ಅವಳು ಎರಡನೇ ಇಯತ್ತೆ. ಪಕ್ಕದಲ್ಲಿ ಕೂತೆ.

“ಅಕ್ಕಾ.”

“ಏನವಾ?”

“ನನ್ನ ಜೋಡಿ ಅಂಗನವಾಡಿಯಾಗ ಇದ್ದವರೆಲ್ಲ ಈಗ ಮೂರನೇತ್ತೆ ಅದಾರ. ನನ್ನ ಯಾಕ ಆ ವರ್ಷ ಸಾಲಿಗೆ ತೊಗೊಳ್ಳಲಿಲ್ಲ? ಅಜ್ಜಗ ಕೇಳಿದ್ರ ಹೇಳತಿರಲಿಲ್ಲ.”

ಅವಳ ಮುಖ ನೋಡಿದೆ, ಅವಳು ಒಮ್ಮೆ ನನ್ನ ಮುಖ ನೋಡಿದ ಹಾಗೆಯೇ. ನನ್ನನ್ನು ಪರೀಕ್ಷಿಸುತ್ತಿರಲಿಲ್ಲ. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಎರಡು ವರ್ಷ ಕಾಕಾ ನನ್ನ ಹೆಸರನ್ನು ಅವಳಿಂದ ಮುಚ್ಚಿಟ್ಟಿದ್ದರು.

“ನಾ ತಪ್ಪು ಬರದಿದ್ದೆ,” ಅಂದೆ. “ತಪ್ಪು ಅಂತ ಗೊತ್ತಾದ ಮ್ಯಾಲೂ, ನಂಗ ಹೆಸರು ಬರ್ತೈತಿ ಅಂತ, ತಿದ್ದಲಿಲ್ಲ. ಅದಕ್ಕ.”

ಆ ಮನೆಯಲ್ಲಿ ಒಂದೂ ಮಗ್ಗ ಓಡುತ್ತಿರಲಿಲ್ಲ. ನನ್ನ ಮಾತು ಪೂರ್ತಿ ಕೇಳಿಸಿತು. ಅವಳು ಬುಟ್ಟಿಯಿಂದ ಒಂದು ಕಂಡಕಿ ತೆಗೆದು, ಸಡಿಲಾಗಿದ್ದ ಎಳೆಯನ್ನು ಬೆರಳಿನಿಂದ ಒತ್ತಿ ಸರಿಮಾಡಿ, ಮತ್ತೆ ಬುಟ್ಟಿಯೊಳಗಿಟ್ಟಳು. ‘ಆತು’ ಅನ್ನುವಂತೆ ಅಜ್ಜನ ಹಾಗೆ ಹುಬ್ಬು ಎತ್ತುತ್ತಾಳೇನೋ ಎಂದು ಕಾದೆ.

ಎತ್ತಲಿಲ್ಲ.